42 ವಿದ್ಯಾರ್ಥಿಗಳು, 7 ದಿನ, ಆಮೇಲಿನ 5 ತಿಂಗಳು: ಗಂಗಾವಳಿ ದಂಡೆಯ ಒಂದು ಮನೆಯ ಪ್ರಕರಣ

ಇದು ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ನದಿದಂಡೆಯ ಒಂದು ಊರಿನಲ್ಲಿ ನಡೆದದ್ದು. ಊರು, ಕಾಲೇಜು, ಮನೆಯವರು, ಯಾರ ಹೆಸರನ್ನೂ ಬರೆಯುತ್ತಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಮನೆಯಾಕೆಗೆ ಪೂರ್ತಿ ಓದಿ ಹೇಳಿದೆ. ಅವರು ಒಪ್ಪಿದ ಮೇಲೇ ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

ಆಗ ನಾನು ಆ ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯಾಗಿದ್ದೆ. ಬೇರೆ ಕಾಲೇಜಿನ ಗೆಳೆಯರು ಈಗಲೂ ಫೋನ್ ಮಾಡುತ್ತಾರೆ. 'ನಾವೂ ಒಂದು ಬಡವರ ಮನೆ ಕಟ್ಟಿಸೋಣ ಅಂತ ಇದ್ದೇವೆ, ನೀವು ಹೇಗೆ ಮಾಡಿದ್ರಿ?' ಅಂತ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ. ನಮ್ಮಿಂದ ಆದ ತಪ್ಪುಗಳನ್ನೂ ಸೇರಿಸಿ ಹೇಳದಿದ್ದರೆ ಅವರಿಗೆ ಏನೂ ಉಪಯೋಗ ಇಲ್ಲ.

ಹಿನ್ನೆಲೆ

ಬೇಸಿಗೆಯಲ್ಲಿ ನೋಡಿದರೆ ಗಂಗಾವಳಿ ಬಹಳ ಸಾಧು ನದಿ. ಆದರೆ ಘಟ್ಟದ ಮೇಲೆ ಇದೇ ನದಿಗೆ ಬೇಡ್ತಿ ಅಂತ ಹೆಸರು. ಯಲ್ಲಾಪುರದ ಕಡೆ ಎರಡು ದಿನ ಬಿಡದೆ ಮಳೆ ಹೊಡೆದರೆ ಕೆಳಗಿನ ಊರುಗಳಲ್ಲಿ ಜನ ಅಕ್ಕಿ ಮೂಟೆ ಮೇಲೆತ್ತಿಡಲು ಶುರು ಮಾಡುತ್ತಾರೆ. 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. 2021ರ ಜುಲೈನಲ್ಲಿ ಅದಕ್ಕಿಂತ ಜೋರಾಗಿ ಬಂತು. ಗುಳ್ಳಾಪುರದ ಸೇತುವೆ ಕೊಚ್ಚಿಹೋದದ್ದು ಆ ಸಲವೇ.

ನಾನು ಹೇಳುತ್ತಿರುವ ಮನೆಯಲ್ಲಿ ಮೂರು ಜನ. ಗಂಡ ತೀರಿಹೋದ ಒಬ್ಬ ಹೆಣ್ಣುಮಗಳು, ಸೊಂಟ ಬಿದ್ದು ಹೆಚ್ಚು ನಡೆಯಲಾಗದ ಅವರ ಅತ್ತೆ, ಪಿಯುಸಿ ಓದುವ ಮಗಳು. ತರಕಾರಿ ಬೆಳೆದು ಅಂಕೋಲಾ ಪೇಟೆಗೆ ಹೊತ್ತು ಮಾರುತ್ತಾರೆ, ಮಳೆಗಾಲದಲ್ಲಿ ಬೇರೆಯವರ ಗದ್ದೆ ನೆಟ್ಟಿಗೆ ಹೋಗುತ್ತಾರೆ. ಮಣ್ಣಿನ ಗೋಡೆ, ಹಂಚಿನ ಮಾಡು. 2019ರಲ್ಲಿ ಅಡುಗೆಮನೆಯ ಗೋಡೆ ಒಂದೇ ಬಿತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತ್ತು, ಇವರದು ಭಾಗಶಃ ಹಾನಿಯ ಪಟ್ಟಿಗೆ ಸೇರಿತು. ಬಂದ ಸ್ವಲ್ಪ ಹಣದಲ್ಲಿ ಗೋಡೆ ಎಬ್ಬಿಸಿದರು. 2021ರಲ್ಲಿ ಆ ಗೋಡೆಯೂ ಹೋಯಿತು, ಉಳಿದದ್ದರಲ್ಲಿ ಮುಕ್ಕಾಲು ಪಾಲೂ ಹೋಯಿತು. ಅಲ್ಲೇ ಪಕ್ಕದಲ್ಲಿ ತಗಡು, ತಾಡಪತ್ರಿ ಕಟ್ಟಿ ಒಂದು ಬಿಡಾರ ಮಾಡಿಕೊಂಡರು.

2022ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಪಟ್ಟಿಯಲ್ಲಿ ಇವರ ಹೆಸರು ಬಂತು. 1 ಲಕ್ಷ 20 ಸಾವಿರ. ಅದು ಒಟ್ಟಿಗೆ ಕೈಗೆ ಬರುವ ಹಣ ಅಲ್ಲ. ಒಂದೊಂದು ಹಂತ ಏಳಬೇಕು, ಜಾಗದ ಗುರುತಿರುವ ಫೋಟೋ ಆ್ಯಪ್‌ಗೆ ಹತ್ತಬೇಕು, ಆಗ ಕಂತು ಕಂತಾಗಿ ಬ್ಯಾಂಕಿಗೆ ಬೀಳುತ್ತದೆ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಕರಾವಳಿಯ ಮಳೆಗೆ ತಾಳುವ ಚಿರೆಕಲ್ಲಿನ (ಕೆಂಪು ಕಲ್ಲಿನ) ಮನೆ ಅಷ್ಟರಲ್ಲಿ ಏಳುವುದಿಲ್ಲ ಅಂತ ಊರಿನ ಎಲ್ಲರಿಗೂ ಗೊತ್ತಿತ್ತು. ಅವರು ಶುರು ಮಾಡಲೇ ಇಲ್ಲ.

ಅದೇ ಊರಿನ ನಮ್ಮ ಒಬ್ಬ ವಿದ್ಯಾರ್ಥಿ ಈ ವಿಷಯ ತಂದ. ಎನ್ನೆಸ್ಸೆಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ 7 ದಿನದ ವಿಶೇಷ ಶಿಬಿರ ಅಂತ ಇದೆಯಲ್ಲ, ಪ್ರತಿ ವರ್ಷ ನಾವು ರಸ್ತೆ ಬದಿ ಗುಡಿಸಿ, ಶಾಲೆಗೆ ಬಣ್ಣ ಹೊಡೆದು, ಸಂಜೆ ಹಾಡು ನಾಟಕ ಮಾಡಿ ಬರುತ್ತಿದ್ದೆವು. 'ಸರ್, ಈ ಸಲ ಒಂದು ಮನೆ ಕಟ್ಟೋಣ' ಅಂದ. 42 ಹುಡುಗ ಹುಡುಗಿಯರು ಕೈ ಎತ್ತಿದರು. 'ನನಗಲ್ಲ, ನಿನಗೆ' ಅನ್ನುವ ಎನ್ನೆಸ್ಸೆಸ್ ಮಾತಿಗೆ ಇದಕ್ಕಿಂತ ಸರಿಯಾದ ಕೆಲಸ ಯಾವುದಿದೆ ಅಂತ ನನಗೂ ಅನಿಸಿತು. ಕೂಲಿ ನಮ್ಮದಾದರೆ ಸಾಮಾನಿನ ಖರ್ಚು ಮಾತ್ರ ಉಳಿಯುತ್ತದೆ ಅನ್ನುವ ಲೆಕ್ಕ ನಮ್ಮದು. ಈ ಲೆಕ್ಕವೇ ತಪ್ಪು. ಅದು ನಮಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಕಾಗದ, ಮತ್ತು ಸ್ಲ್ಯಾಬಿನ ಮಾತು

2022ರ ಡಿಸೆಂಬರ್ ಪೂರ್ತಿ ಒಂದು ಕಲ್ಲೂ ಇಡಲಿಲ್ಲ. ಜಾಗ ತೀರಿಹೋದ ಮಾವನ ಹೆಸರಿನಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಜಾಗ ವಾರಸುದಾರರ ಹೆಸರಿಗೆ ಬರುವುದು, ಆಗಬೇಕು, ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಇನ್ನೂ ಏನೇನೋ. ಬಿಕಾಂನ ಇಬ್ಬರು ಹುಡುಗಿಯರು ಈ ಕೆಲಸ ವಹಿಸಿಕೊಂಡರು. ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಕಾಗದ ಜೋಡಿಸಿ, ಮೇಲೆ ಒಂದು ಚೀಟಿಯಲ್ಲಿ ಯಾವುದು ಇದೆ ಯಾವುದು ಇಲ್ಲ ಅಂತ ಬರೆದು, ಮನೆಯಾಕೆಯನ್ನು ಕರೆದುಕೊಂಡು ನಾಡಕಚೇರಿ, ಪಂಚಾಯತಿ, ಬ್ಯಾಂಕು ಅಂತ 11 ಸಲ ಓಡಾಡಿದರು. ತರಕಾರಿ ಮಾರುವ ದಿನ ಬಿಟ್ಟು ಈ ಓಡಾಟ ಮಾಡುವುದು ಅವರೊಬ್ಬರಿಂದ ಆಗುತ್ತಲೇ ಇರಲಿಲ್ಲ. ಇಡೀ ಪ್ರಕರಣದಲ್ಲಿ ಕಾಲೇಜು ಮಕ್ಕಳು ಮಾಡಿದ ಅತಿ ದೊಡ್ಡ ಸಹಾಯ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಈ ಪ್ಲಾಸ್ಟಿಕ್ ಚೀಲವನ್ನೇ ತೋರಿಸುತ್ತೇನೆ. ಅದರ ಒಂದು ಫೋಟೋ ಕೂಡ ನಮ್ಮ ಶಿಬಿರದ ವರದಿಯಲ್ಲಿ ಇಲ್ಲ.

ಅದೇ ಹೊತ್ತಿಗೆ ನಕ್ಷೆಯ ಮಾತು ನಡೆದಿತ್ತು. ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಈಗ ಸಿವಿಲ್ ಎಂಜಿನಿಯರ್, ದುಡ್ಡು ತೆಗೆದುಕೊಳ್ಳದೆ ಬಂದ. ಅಂಗಳದ ತೆಂಗಿನಮರದ ಕಾಂಡದ ಮೇಲೆ 2021ರ ನೀರು ನಿಂತ ಗುರುತು ಇನ್ನೂ ಕಾಣುತ್ತಿತ್ತು. ಕೆಳಗೆ ಬೂದು, ಮೇಲೆ ಕಂದು. ಪಕ್ಕದಲ್ಲಿ ನಿಂತರೆ ನನ್ನ ಸೊಂಟದ ಮಟ್ಟ. ಹಳೆ ಮನೆಯ ಪಂಚಾಂಗ, ಅಂದರೆ ಪಾಯದ ಮೇಲೆ ನೆಲದ ಮಟ್ಟದವರೆಗಿನ ಕಟ್ಟೆ, ಒಂದೂವರೆ ಅಡಿ ಇತ್ತು. ಹೊಸದನ್ನು 4 ಅಡಿ ಎತ್ತರಿಸಬೇಕು ಅಂತಾಯಿತು. ಊರಿನ ಮೇಲುಭಾಗದಲ್ಲಿ ಬೇರೆ ಜಾಗ ನೋಡಬಹುದಿತ್ತಲ್ಲ ಅಂತ ಕೇಳಬಹುದು. ನೋಡಿದೆವು. ಮೇಲೆಲ್ಲ ಅರಣ್ಯದ ಜಾಗ. ಉತ್ತರ ಕನ್ನಡದಲ್ಲಿ ಮನೆ ಕಟ್ಟಲು ಹೊರಟ ಬಡವರಿಗೆಲ್ಲ ಈ ಮಾತು ಗೊತ್ತು. ಕಾಗದ ಇರುವ ಜಾಗ ನದಿದಂಡೆಯಲ್ಲೇ ಇತ್ತು.

ಪಂಚಾಂಗಕ್ಕೇ ಇಷ್ಟು ಕಲ್ಲು ಹೋದರೆ ಮಾಡಿಗೆ ದುಡ್ಡು ಎಲ್ಲಿ? ಹಳೆ ಮನೆಯ ಮಂಗಳೂರು ಹಂಚು ಸುಮಾರು 600 ಗಟ್ಟಿ ಇದ್ದವು. ಪೂರ್ತಿ ಹಂಚಿನ ಮಾಡೇ ಸಾಕು ಅಂತ ನಾವು ಬರೆದೆವು. ಮನೆಯಾಕೆ ನಕ್ಷೆ ನೋಡಿ ಮೆಲ್ಲಗೆ 'ಸ್ಲ್ಯಾಬ್ ಆಗಿದ್ರೆ ಚಲೋ ಇತ್ತು' ಅಂದರು. ನಾವು ಅರ್ಧ ಗಂಟೆ ಅವರಿಗೆ ತಿಳಿಸಿ ಹೇಳಿದೆವು. ಸ್ಲ್ಯಾಬ್ ಬಿಸಿ, ಸೋರುತ್ತದೆ, ಖರ್ಚು ಜಾಸ್ತಿ, ಹಂಚು ನಮ್ಮ ಕರಾವಳಿಗೆ ಹೇಳಿ ಮಾಡಿಸಿದ್ದು, ಹೀಗೆ. ಅವರು ತಲೆ ಆಡಿಸಿದರು. ಒಪ್ಪಿದರು ಅಂದುಕೊಂಡೆವು. ಊರಿನಲ್ಲಿ ನಾಲ್ಕು ಸ್ಲ್ಯಾಬ್ ಮನೆ ಎದ್ದಿವೆ, ಹಾಗಾಗಿ ಆಸೆ ಅಂತ ನಮ್ಮಲ್ಲಿ ಒಬ್ಬರು ಅಂದರು. ನಾನೂ ಹಾಗೇ ತಿಳಿದೆ.

ಒಂದು ವಾರದ ಮೇಲೆ, ನಾಡಕಚೇರಿಯಿಂದ ವಾಪಸ್ ಬರುವ ಬಸ್ಸಿನಲ್ಲಿ, ಬಿಕಾಂ ಹುಡುಗಿ ಸುಮ್ನೆ ಮಾತಿಗೆ ಕೇಳಿದ್ದಾಳೆ: 'ಅಮ್ಮಾ, ನಿಮಗೆ ಸ್ಲ್ಯಾಬ್ ಯಾಕೆ ಬೇಕಿತ್ತು?' ಅವರು ಹೇಳಿದ್ದು ಇಷ್ಟು: 'ನೀರು ಬಂದ್ರೆ ಅತ್ತೆಯನ್ನ ಎಲ್ಲಿ ಹತ್ತಿಸೂದು ತಂಗಿ?'

2021ರ ಆ ರಾತ್ರಿ ಅವರು ಮಂಚದ ಮೇಲೆ ಮಂಚ ಇಟ್ಟು, ಅದರ ಮೇಲೆ ಅತ್ತೆಯನ್ನು ಕೂರಿಸಿ, ತಾವು ಮತ್ತು ಮಗಳು ಎರಡೂ ಕಡೆ ಹಿಡಿದುಕೊಂಡು ಬೆಳಗಾಗುವ ತನಕ ನೀರಿನಲ್ಲಿ ನಿಂತಿದ್ದರಂತೆ. ಬೆಳಿಗ್ಗೆ ದೋಣಿ ಬಂತು. ಗೋಡೆ ಬಿದ್ದದ್ದು ಆಮೇಲೆ.

ಮರುದಿನ ಆ ಹುಡುಗಿ ಇದನ್ನು ಬಂದು ಹೇಳಿದಾಗ ನಮ್ಮ ಇಡೀ ತಂಡ ಸುಮ್ಮನಾಯಿತು. ನಕ್ಷೆ ಬದಲಾಯಿತು. ಒಳಕೋಣೆಯ ಮೇಲೆ ಮಾತ್ರ 8 ಅಡಿಗೆ 10 ಅಡಿಯ ಸ್ಲ್ಯಾಬು. ಅದು ಅಟ್ಟ. ಅದರ ಮೇಲೆ ಹಂಚಿನ ಮಾಡು. ಹತ್ತಲು ಮರದ ಏಣಿ ಬೇಡ, ಅತ್ತೆಯನ್ನು ಇಬ್ಬರು ಹಿಡಿದು ಹತ್ತಿಸುವಷ್ಟು ಅಗಲದ ಕಲ್ಲಿನ ಮೆಟ್ಟಿಲು. ಎಂಜಿನಿಯರ್ ಹುಡುಗ ಇನ್ನೊಂದು ಉಪಾಯ ಹೇಳಿದ. ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದರಲ್ಲ, ಸ್ಲ್ಯಾಬಿನ ಕೆಳಭಾಗದಲ್ಲಿ ಸರಳುಗಳ ನಡುವೆ ಹಳೆ ಹಂಚು ಇಟ್ಟು ಕಾಂಕ್ರೀಟ್ ಹಾಕುವ ಪದ್ಧತಿ. ಅಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಕಾಂಕ್ರೀಟಿಗೆ ಹೆಚ್ಚು ಕೆಲಸ ಇಲ್ಲ, ಹಾಗಾಗಿ ಅಷ್ಟು ಸಿಮೆಂಟು, ಅಷ್ಟು ಭಾರ ಉಳಿಯುತ್ತದೆ. ಮೂಲೆ ಮುರಿದ ಹಂಚುಗಳಿಗೆ ಅಲ್ಲಿ ಕೆಲಸ ಸಿಕ್ಕಿತು. ಉಳಿದ ಖರ್ಚು ತಗ್ಗಿಸಲು ಹೊರಗಿನ ಪ್ಲಾಸ್ಟರ್ ಪಡುವಣ ಗೋಡೆಗೆ ಮಾತ್ರ ಅಂತ ಮಾಡಿದೆವು. ನಮ್ಮಲ್ಲಿ ಮಳೆ ಗೋಡೆಗೆ ಹೊಡೆಯುವುದು ಆ ಕಡೆಯಿಂದಲೇ, ಚಿರೆಕಲ್ಲು ನೀರು ಕುಡಿಯುತ್ತದೆ. ಹಳೆ ಹಲಸಿನ ಬಾಗಿಲು, ದಾರಂದ ತೊಳೆದು ಮತ್ತೆ ಹಾಕುವುದು. ನೆಲಕ್ಕೆ ಟೈಲ್ಸ್ ಬದಲು ರೆಡ್ ಆಕ್ಸೈಡ್.

ಏಳು ದಿನದ ಶಿಬಿರ

ಪಾಯ, ಪಂಚಾಂಗದ ಕಲ್ಲಿನ ಕೆಲಸವನ್ನು ಮೇಸ್ತ್ರಿ ಮತ್ತು ಅವರ ಇಬ್ಬರು ಆಳುಗಳು ಮೊದಲೇ ಮಾಡಿದ್ದರು. ಶಿಬಿರ 2023ರ ಜನವರಿಯಲ್ಲಿ. ಮುಖ್ಯ ರಸ್ತೆಯಿಂದ ಮನೆಗೆ ತೆಂಗಿನ ತೋಟದ ನಡುವಿನ ಓಣಿ, ಲಾರಿ ಇಳಿಯುವುದಿಲ್ಲ. ಒಂದೊಂದು ಚಿರೆಕಲ್ಲು 25 ಕಿಲೋ ಮೇಲೇ ಇತ್ತು. ಪಂಚಾಂಗದೊಳಗೆ ತುಂಬಲು ಲೋಡುಗಟ್ಟಲೆ ಮಣ್ಣು ಬೇಕು.

ಮೊದಲ ನಾಲ್ಕು ದಿನ ನಮ್ಮ ಮಕ್ಕಳು ಮಾಡಿದ ಕೆಲಸ ಈಗಲೂ ಕಣ್ಣಿಗೆ ಕಟ್ಟಿದೆ. ಓಣಿಯುದ್ದಕ್ಕೂ ಸಾಲು ನಿಂತು ಬುಟ್ಟಿ ಕೈಯಿಂದ ಕೈಗೆ. ಅರ್ಧ ಅಡಿ ಮಣ್ಣು ಹಾಕುವುದು, ನೀರು ಬಿಡುವುದು, ದಿಮ್ಮಿಸಿನಿಂದ ಗುದ್ದುವುದು, ಮತ್ತೆ ಅರ್ಧ ಅಡಿ. ಹುಡುಗಿಯರ ಒಂದು ಗುಂಪು ಹಳೆ ಹಂಚಿನ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ತೊಳೆದು ಬಿಸಿಲಿಗೆ ಇಟ್ಟಿತು. ಒಂದು ಹಂಚನ್ನು ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳಿ, ಠಣ್ ಅಂದರೆ ಇಡುವುದು, ಒಡಕು ದನಿ ಬಂದರೆ ಬೇರೆ ಗುಂಪಿಗೆ ಹಾಕುವುದು. ಇದನ್ನು ಅವರಿಗೆ ಕಲಿಸಿದ್ದು ಆ ಸೊಂಟ ಬಿದ್ದ ಅಜ್ಜಿ, ಬಿಡಾರದ ಬಾಗಿಲಲ್ಲಿ ಕೂತುಕೊಂಡೇ.

ಐದನೇ ದಿನ ತಪ್ಪಾಯಿತು. ಹುಡುಗರಿಗೆ ಮಣ್ಣು ಹೊತ್ತು ಬೇಸರ ಬಂದಿತ್ತು, ಗೋಡೆ ಕಟ್ಟಬೇಕು ಅಂತ ಆಸೆ. ಮೇಸ್ತ್ರಿಗೆ ಇಷ್ಟ ಇರಲಿಲ್ಲ. ನಾನೇ ಒತ್ತಾಯ ಮಾಡಿ ಒಪ್ಪಿಸಿದೆ. ಸಮಾರೋಪಕ್ಕೆ ಅತಿಥಿಗಳು ಬರುತ್ತಾರೆ, ಒಂದು ಗೋಡೆಯಾದರೂ ಎದ್ದಿರಲಿ ಅನ್ನುವುದು ನನ್ನ ತಲೆಯಲ್ಲಿತ್ತು. ಆರನೇ ದಿನ ಸಂಜೆಯ ಹೊತ್ತಿಗೆ ಬಡಗಣ ಗೋಡೆ ಐದು ವರಸೆ ಎದ್ದಿತು. ಮಕ್ಕಳು ಕುಣಿದಾಡಿದರು.

ಮೇಸ್ತ್ರಿ ಏನೂ ಹೇಳದೆ ಬಂದು, ಜೇಬಿನಿಂದ ತೂಕದ ಗುಂಡು ತೆಗೆದು, ದಾರವನ್ನು ಮೇಲಿನ ಕಲ್ಲಿಗೆ ಒತ್ತಿ ಹಿಡಿದು ಗುಂಡು ಇಳಿಬಿಟ್ಟರು. ಗುಂಡು ತೂಗಾಡಿ ತೂಗಾಡಿ ನಿಂತಿತು. ಕೆಳಗಿನ ಕಲ್ಲಿಗೂ ದಾರಕ್ಕೂ ನಡುವೆ ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು. ಐದು ವರಸೆಗೇ ಎರಡು ಬೆರಳು ವಾಲಿದರೆ ಮಾಡಿನ ಮಟ್ಟಕ್ಕೆ ಹೋಗುವಾಗ ಎಷ್ಟು? ಅದೂ ಅಲ್ಲದೆ ಎರಡು ಕಡೆ ಸಂದಿನ ಮೇಲೆ ಸಂದು ಬಂದಿತ್ತು. ಅಂಥ ಗೋಡೆ ಬಿರುಕು ಬಿಡುವುದು ಅಲ್ಲಿಂದಲೇ.

'ಪ್ಲಾಸ್ಟರ್ ಮಾಡಿ ಮುಚ್ಚಬಹುದಾ?' ಅಂತ ನಾನು ಕೇಳಿದೆ. ಕೇಳಬಾರದಿತ್ತು. ಮೇಸ್ತ್ರಿ ಉತ್ತರ ಕೊಡುವ ಮೊದಲೇ ಬಿಎಸ್ಸಿ ಎರಡನೇ ವರ್ಷದ ಒಬ್ಬ ಹುಡುಗಿ ಅಂದಳು: 'ಸರ್, ನಮ್ಮ ಮನೆ ಆಗಿದ್ರೆ ಈ ಗೋಡೆ ಇಟ್ಕೊಳ್ತಿದ್ವಾ?'

ಗಾರೆ ಪೂರ್ತಿ ಬಿಗಿಯುವ ಮೊದಲು, ಅದೇ ರಾತ್ರಿ, ಮೊಬೈಲ್ ಬೆಳಕಿನಲ್ಲಿ ಗೋಡೆ ಬಿಚ್ಚಿದೆವು. ಒಂದೊಂದು ಕಲ್ಲನ್ನೂ ಕರಣೆಯಿಂದ ಕೆರೆದು ತೊಳೆದು ಜೋಡಿಸಿದರು. ಮಾರನೇ ದಿನ ಸಮಾರೋಪಕ್ಕೆ ಬಂದವರಿಗೆ ತೋರಿಸಲು ಮಣ್ಣು ತುಂಬಿದ ಒಂದು ಪಂಚಾಂಗ ಬಿಟ್ಟು ಏನೂ ಇರಲಿಲ್ಲ. 'ಏಳು ದಿನದಲ್ಲಿ ಇಷ್ಟೇನಾ?' ಅಂತ ಕೇಳಿದವರೂ ಇದ್ದರು. ಮಕ್ಕಳ ಮುಖ ಸಣ್ಣದಾಯಿತು. ಆ ಹುಡುಗಿಯ ಮಾತು ಎಷ್ಟು ಸರಿ ಅಂತ ಅವರಿಗೆ ಪೂರ್ತಿ ಅರ್ಥವಾದದ್ದು ಮಳೆಗಾಲದಲ್ಲಿ.

ಕೆಲಸ ನಿಂತದ್ದು

ಶಿಬಿರ ಮುಗಿದ ಮೇಲೆ ಭಾನುವಾರ ಭಾನುವಾರ ಬಂದು ಮುಗಿಸುತ್ತೇವೆ ಅಂತ ಎಲ್ಲರೂ ಹೇಳಿದ್ದರು. ಮೊದಲ ಭಾನುವಾರ 30 ಜನ. ಎರಡನೆಯದಕ್ಕೆ 17. ಆಮೇಲೆ ಇಂಟರ್ನಲ್ಸ್ ಬಂತು, ಜಾತ್ರೆ ಬಂತು, ಪರೀಕ್ಷೆಯ ವೇಳಾಪಟ್ಟಿ ಬಂತು. ಮಾರ್ಚ್ ಹೊತ್ತಿಗೆ 9 ಜನ ಉಳಿದರು. ಬಾರದವರನ್ನು ನಾನು ಬೈಯುವುದಿಲ್ಲ. ಕಾಲೇಜಿನ ಕ್ಯಾಲೆಂಡರ್ ಬೇರೆ, ಕರಾವಳಿಯ ಮಳೆಯ ಕ್ಯಾಲೆಂಡರ್ ಬೇರೆ. ಜೂನ್‌ಗೆ ಮಾಡು ಮುಚ್ಚಿರಬೇಕು. ನಮ್ಮ ಕೈ ಜಾಸ್ತಿ ಖಾಲಿ ಇದ್ದದ್ದು ಜನವರಿಯಲ್ಲಿ, ಮನೆಗೆ ಕೈ ಜಾಸ್ತಿ ಬೇಕಾದದ್ದು ಏಪ್ರಿಲ್, ಮೇನಲ್ಲಿ. ಇದನ್ನು ಡಿಸೆಂಬರ್‌ನಲ್ಲೇ ಕೂತು ಲೆಕ್ಕ ಹಾಕಬೇಕಿತ್ತು, ಹಾಕಲಿಲ್ಲ.

ದುಡ್ಡೂ ನಿಂತಿತು. ಮೇಸ್ತ್ರಿಗೆ ಕೂಲಿ ಕೊಡಲಾಗದೆ ಎರಡು ವಾರ ಗೋಡೆ ಕಿಟಕಿ ಮಟ್ಟದಲ್ಲೇ ಇತ್ತು. ಆಗಲೇ ಒಬ್ಬರು ಅರ್ಧ ಬೆಲೆಗೆ ಮರಳು ಕೊಡುತ್ತೇನೆ ಅಂತ ಬಂದರು. ನದಿಮುಖದ ಕಡೆಯ ಮರಳು. ನೋಡಲು ತುಂಬಾ ಚಂದ, ಬೆಳ್ಳಗೆ. ಮೇಸ್ತ್ರಿ ಒಂದು ಚಿಟಿಕೆ ನಾಲಿಗೆಗೆ ಹಾಕಿ ತುಪ್ಪಿದರು. 'ಉಪ್ಪು' ಅಂದರು. ನಮಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ, ಅರ್ಧ ಬೆಲೆ ಅಲ್ವಾ. ಒಂದು ಬಾಟಲಿಯಲ್ಲಿ ಮರಳು ತಂದು ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬಟ್ಟಿ ಇಳಿಸಿದ ನೀರಿನಲ್ಲಿ ಕಲಕಿ, ಸೋಸಿ, ಒಂದೆರಡು ಹನಿ ನೈಟ್ರಿಕ್ ಆಮ್ಲ, ಆಮೇಲೆ ಸಿಲ್ವರ್ ನೈಟ್ರೇಟ್ ಹಾಕಿದೆವು. ಟ್ಯೂಬಿನಲ್ಲಿ ನೀರು ಮೊಸರಿನ ಹಾಗೆ ಬೆಳ್ಳಗೆ ಒಡೆಯಿತು. ಕ್ಲೋರೈಡು. ಇಂಥ ಮರಳಿನಲ್ಲಿ ಸ್ಲ್ಯಾಬು ಹಾಕಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕೆಲವು ವರ್ಷಕ್ಕೆ ಕೆಳಗಿನ ಕಾಂಕ್ರೀಟು ಹೆಕ್ಕಳಿಕೆಯಾಗಿ ಉದುರುತ್ತದೆ. ಅತ್ತೆಯನ್ನು ಹತ್ತಿಸಲು ಕಟ್ಟುವ ಅಟ್ಟ ಅದು. ಪೂರ್ತಿ ಬೆಲೆ ಕೊಟ್ಟು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ತರಿಸಿದೆವು. ಮೂರು ವರ್ಷ ಬರಿ ಅಂಕಕ್ಕಾಗಿ ಮಾಡಿದ ಪ್ರಯೋಗ ಇದು ಅಂತ ಒಬ್ಬ ಹುಡುಗ ಅಂದ, ಅವನ ಕೈ ನಡುಗುತ್ತಿತ್ತು.

ಆದರೆ ನಿಜವಾದ ತೊಡಕು ದುಡ್ಡೂ ಅಲ್ಲ, ಮರಳೂ ಅಲ್ಲ. ಊರಿನವರು ಯಾರೂ ಬರುತ್ತಿರಲಿಲ್ಲ. ನದಿದಂಡೆಯ ಊರು, ಒಬ್ಬರ ಮನೆ ಬಿದ್ದರೆ ಹತ್ತು ಜನ ಓಡಿ ಬರುವವರು, ಈ ಮನೆಯ ಓಣಿಗೆ ಕಾಲಿಡುತ್ತಿರಲಿಲ್ಲ. ಒಂದು ದಿನ ಪಕ್ಕದ ಮನೆಯವರನ್ನು ಕೇಳಿಯೇಬಿಟ್ಟೆ. 'ಕಾಲೇಜಿನವರು ಕಟ್ಟಿಕೊಡ್ತ್ರು ಅಂತ ಪೇಪರಿನಾಗೆ ಬಂದದೆ, ನಾವೆಂತಾ ಮಾಡೂದು ಮಾಸ್ತರ್ರೇ' ಅಂದರು. ಸ್ವಲ್ಪ ತಡೆದು, 'ನಮ್ಮನಿಗೂ ನೀರು ಬಂದಿತ್ತು' ಅಂದರು.

ಅವರು ಹೇಳಿದ್ದು ನಿಜ. ಶಿಬಿರದ ಮೊದಲ ದಿನ ಫೋಟೋ ತೆಗೆಸಿ ಪತ್ರಿಕೆಗೆ ಕೊಟ್ಟವನು ನಾನೇ. ಈ ಮನೆಯನ್ನೇ ಯಾಕೆ ಆರಿಸಿದೆವು ಅಂತ ಊರಿನಲ್ಲಿ ಒಂದು ಸಭೆ ಕರೆದು ಹೇಳಿರಲಿಲ್ಲ. ನಾವು 42 ಜನ ಬಂದು ನಿಂತ ದಿನವೇ, ಆ ಹೆಣ್ಣುಮಗಳಿಗೆ ಇಷ್ಟು ವರ್ಷ ಆಸರೆಯಾಗಿದ್ದ ನೆರೆಹೊರೆ ಒಂದು ಹೆಜ್ಜೆ ಹಿಂದೆ ಸರಿದಿತ್ತು. ಸಹಾಯ ಮಾಡಲು ಹೋಗಿ ನಾವು ಅವರನ್ನು ಒಂಟಿ ಮಾಡಿದ್ದೆವು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟ ಸಂಗತಿ ಇದು.

ಮುಯ್ಯಾಳು

ದಾರಿ ತೋರಿಸಿದ್ದು ಮನೆಯಾಕೆಯೇ. ಏಪ್ರಿಲ್ ಮೊದಲ ವಾರ ನಾವು ಉಳಿದ 9 ಮಕ್ಕಳ ಜೊತೆ ಕೂತು, ಮುಂದೇನು ಅಂತ ತಲೆ ಕೆಡಿಸಿಕೊಂಡಿದ್ದಾಗ ಅವರು, 'ನೀವು ಬೇಜಾರು ಮಾಡ್ಕಳೂದು ಬೇಡ ತಮಾ, ನಾನು ನಾಕು ಮನೆಗೆ ಹೋಗ್ ಬತ್ತೆ' ಅಂದರು. ಆ ಸಂಜೆ ಮನೆ ಮನೆಗೆ ಹೋದರು. ಏನು ಕೇಳಿದರು ಗೊತ್ತಾ? ಸಹಾಯ ಕೇಳಲಿಲ್ಲ. ಮುಯ್ಯಾಳು ಕೇಳಿದರು. ನೀವು ಈಗ ಎರಡು ದಿನ ಕಲ್ಲು ಹೊರಿ, ಮಳೆಗಾಲದಲ್ಲಿ ನಿಮ್ಮ ಗದ್ದೆಗೆ ಎರಡು ದಿನ ನಾನು ನೆಟ್ಟಿಗೆ ಬರುತ್ತೇನೆ. ಮಾರನೇ ದಿನ ಬೆಳಿಗ್ಗೆ 14 ಹೆಂಗಸರು ತಲೆಗೆ ಸಿಂಬಿ ಸುತ್ತಿಕೊಂಡು ಓಣಿಯಲ್ಲಿ ನಿಂತಿದ್ದರು.

ಅಮೆರಿಕದಲ್ಲಿ 1976ರಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಬಗ್ಗೆ ನಾನು ಮೊದಲೇ ಓದಿದ್ದೆ. ಅಲ್ಲಿ ಸ್ವಯಂಸೇವಕರ ಜೊತೆ ಮನೆ ಪಡೆಯುವ ಕುಟುಂಬವೂ ದುಡಿಯಬೇಕು ಅನ್ನುವ ನಿಯಮ ಇದೆ. ನಮ್ಮಲ್ಲಿ ಆಗ ಉದ್ಯೋಗ ಖಾತ್ರಿಯಡಿ ಮನೆಯವರಿಗೆ ತಮ್ಮ ಮನೆಯ ಕೆಲಸಕ್ಕೇ 90 ದಿನದ ಕೂಲಿ ಸಿಗುತ್ತಿತ್ತು, ಅಷ್ಟಕ್ಕೆ ಆ ಲೆಕ್ಕ ಮುಗಿಯಿತು ಅಂದುಕೊಂಡಿದ್ದೆ. ಆದರೆ ನೆರೆಯವರನ್ನು ಕರೆಯುವ ಹಕ್ಕು ಆ ಮನೆಯವರದು, ನಮ್ಮದಲ್ಲ ಅನ್ನುವುದು ಹೊಳೆದಿರಲಿಲ್ಲ.

ಅವತ್ತಿನಿಂದ ವ್ಯವಸ್ಥೆ ಬದಲಾಯಿತು. ಖರ್ಚಿನ ಪುಸ್ತಕ ನಮ್ಮ ಕೈಯಿಂದ ಅವರ ಮಗಳ ಕೈಗೆ ಹೋಯಿತು. ಮೇಸ್ತ್ರಿಗೆ ಕೂಲಿ ಮನೆಯಾಕೆಯೇ ಎಣಿಸಿ ಕೊಡುವುದು. ಎಷ್ಟು ವಿದ್ಯಾರ್ಥಿಗಳು, ಯಾವ ದಿನ ಬರಬೇಕು ಅಂತ ಅವರೇ ಫೋನ್ ಮಾಡಿ ಹೇಳುವುದು. 'ಈ ಭಾನುವಾರ ಆರು ಜನ ಸಾಕು. ಊಟ ಇಲ್ಲೇ.' ಬಂದ ಆರು ಜನರಿಗೆ ಕೆಲಸ ಸಿದ್ಧ ಇರುತ್ತಿತ್ತು, ಸುಮ್ಮನೆ ನಿಲ್ಲುವುದು ಇರಲಿಲ್ಲ. ಅಲ್ಲಿಂದ ಮುಂದೆ ಗೋಡೆ ಸರಸರ ಎದ್ದಿತು.

ಸ್ಲ್ಯಾಬು ಏಪ್ರಿಲ್ ಮಧ್ಯದಲ್ಲಿ ಬಿತ್ತು. ಮಗಳು ಅದರ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ, ಬೆಳಿಗ್ಗೆ ಸಂಜೆ ಕೊಡಪಾನದಲ್ಲಿ ನೀರು ಹೊತ್ತು ನಿಲ್ಲಿಸಿದಳು. ಕಾಂಕ್ರೀಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರು ಕುಡಿದು ಅನ್ನುವುದನ್ನು ನಮ್ಮ ಮಕ್ಕಳು ಅವಳಿಗೆ ಹೇಳಿಕೊಟ್ಟಿದ್ದರು. ಅವಳು ಹದಿನೈದು ದಿನ ಒಂದು ಹೊತ್ತೂ ತಪ್ಪಿಸಲಿಲ್ಲ. ಮೇ ಮೂರನೇ ವಾರ ಅರ್ಧ ಹಂಚು ಹೊದಿಸಿದ್ದಾಗ ಒಂದು ರಾತ್ರಿ ಗಾಳಿ ಮಳೆ ಬಂತು, ತಾಡಪತ್ರಿ ಹಾರಿಹೋಯಿತು, ಮಾಡಿನ ಹೊಸ ಮರಗಳು, ಪಕಾಸು, ರೀಪು ಎಲ್ಲ ನೆನೆದವು. ಏನೂ ಹಾಳಾಗಲಿಲ್ಲ. ಜೂನ್ ಮೊದಲ ವಾರ ಹಾಲು ಉಕ್ಕಿಸಿ ಒಳಗೆ ಹೋದರು. ಅತಿಥಿಗಳು ಯಾರೂ ಇರಲಿಲ್ಲ, 14 ಹೆಂಗಸರು ಇದ್ದರು.

ಜುಲೈನಲ್ಲಿ ನಮ್ಮ ಮಕ್ಕಳಲ್ಲಿ 23 ಜನ ಎರಡು ಭಾನುವಾರ ಆ ಹೆಂಗಸರ ಗದ್ದೆಗಳಿಗೆ ನೆಟ್ಟಿಗೆ ಹೋದರು. ಯಾರೂ ಹೇಳಿರಲಿಲ್ಲ. ಮುಯ್ಯಿ ತೀರಿಸಬೇಕಲ್ಲ ಸರ್ ಅಂದರು. ಶಿಬಿರದ ನಂತರ ಕಾಣೆಯಾಗಿದ್ದ ಹಲವರು ಅವತ್ತು ಕೆಸರಿನಲ್ಲಿದ್ದರು.

ಲೆಕ್ಕ

ಒಟ್ಟು ಖರ್ಚು 3 ಲಕ್ಷ 38 ಸಾವಿರದ ಹತ್ತಿರ. ವಸತಿ ಯೋಜನೆಯಿಂದ 1,20,000. ಉದ್ಯೋಗ ಖಾತ್ರಿಯ 90 ದಿನ, ದಿನಕ್ಕೆ 309ರಂತೆ 27,810. ಶೌಚಾಲಯಕ್ಕೆ 12,000. ಹಳೆ ವಿದ್ಯಾರ್ಥಿಗಳು 70,000 ಕೊಟ್ಟರು, ಮಕ್ಕಳು ಸೇರಿಸಿದ್ದು 64,000. ಉಳಿದ 44,000 ಮನೆಯಾಕೆಯ ಉಳಿತಾಯ ಮತ್ತು ಸ್ವಸಹಾಯ ಸಂಘದ ಸಾಲ.

ನಮ್ಮ ವರದಿಯಲ್ಲಿ 42 ಜನ 7 ದಿನ, ಅಂದರೆ 294 ಆಳಿನ ಶ್ರಮದಾನ ಅಂತ ಬರೆದಿದ್ದೆವು. ಮೇಸ್ತ್ರಿಯನ್ನು ಕೇಳಿದೆ, ಆ ವಾರದ ಕೆಲಸಕ್ಕೆ ನಿಮ್ಮ ಪ್ರಕಾರ ಎಷ್ಟು ಆಳು ಬೇಕಿತ್ತು ಅಂತ. ಯೋಚಿಸಿ, 'ಎಂಟು ಆಳು ಎಂಟು ದಿನ' ಅಂದರು. 64. ಬಿಚ್ಚಿದ ಗೋಡೆ ಬಿಟ್ಟು. ಅವರು ಅದನ್ನು ಕೊಂಕಿನಿಂದ ಹೇಳಲಿಲ್ಲ. ಈ 64 ಅನ್ನು ನಾನು ಪ್ರತಿ ವರ್ಷ ಹೊಸ ತಂಡಕ್ಕೆ ಹೇಳುತ್ತೇನೆ, ಜೊತೆಗೆ ಆ ಪ್ಲಾಸ್ಟಿಕ್ ಚೀಲದ 11 ಓಡಾಟವನ್ನೂ, ಲ್ಯಾಬಿನ ಆ ಟ್ಯೂಬನ್ನೂ, ಬಸ್ಸಿನಲ್ಲಿ ಕೇಳಿದ ಒಂದು ಪ್ರಶ್ನೆಯನ್ನೂ. ಕಲ್ಲಿನ ಕೆಲಸಕ್ಕೆ ಕಲಿತ ಕೈಗೆ ಕೂಲಿ ಕೊಡಿ. ಮಕ್ಕಳನ್ನು ಕಾಗದಕ್ಕೆ, ಹೊರುವುದಕ್ಕೆ, ದುಡ್ಡು ಸೇರಿಸುವುದಕ್ಕೆ, ಕೇಳಿಸಿಕೊಳ್ಳುವುದಕ್ಕೆ ಹಾಕಿ. ಶಿಬಿರವನ್ನು ಆದಷ್ಟೂ ಕೊನೆಗೆ ಇಟ್ಟುಕೊಳ್ಳಿ.

ಈಗ

2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಎದುರು ದಂಡೆಯ ಉಳುವರೆಗೆ ನೀರು ನುಗ್ಗಿ ಮನೆಗಳು ಹೋದವು. ನಮ್ಮ ಈ ಮನೆ ಇರುವುದು ಬೇರೆ ಕಡೆ, ಏನೂ ಆಗಲಿಲ್ಲ. ಆದರೆ ಆ ದಿನ ನಮ್ಮ ಹಳೆ ತಂಡದ ಗುಂಪಿನಲ್ಲಿ ಒಬ್ಬ ಹುಡುಗ ಬರೆದ: 'ಸರ್, ಅದೇ ದಂಡೆಯಲ್ಲಿ ಕಟ್ಟಿದ್ದು ಸರಿಯಾ?' ನಾಲ್ಕು ಅಡಿ ಪಂಚಾಂಗ ನೆರೆಗೆ ಸಾಕು, ಗುಡ್ಡಕ್ಕೆ ಸಾಲದು. ಕಾಗದ ಇರುವ ಜಾಗ ಅದೊಂದೇ ಇತ್ತು ಅನ್ನುವ ಉತ್ತರ ನಿಜ. ಆ ಉತ್ತರದಿಂದ ನನಗೆ ಸಮಾಧಾನ ಆಗಿಲ್ಲ, ಅವನಿಗೂ ಆಗಿಲ್ಲ.

ಅಜ್ಜಿ ಈಗಲೂ ಇದ್ದಾರೆ. ಅಟ್ಟದ ಮೇಲೆ ಎರಡು ಮೂಟೆ ಅಕ್ಕಿ, ಮಗಳ ಪುಸ್ತಕ, ಆ ಪ್ಲಾಸ್ಟಿಕ್ ಚೀಲ ಇವೆ. ಅಟ್ಟದ ಸ್ಲ್ಯಾಬೂ ಹಂಚಿನ ಮಾಡೂ ಸೇರುವ ತೆಂಕಣ ಮೂಲೆಯಲ್ಲಿ ಜೋರು ಮಳೆಗೆ ಸೋರುತ್ತದೆ. ಎರಡು ಸಲ ಸರಿ ಮಾಡಿಸಿದೆವು, ಹೋಗಲಿಲ್ಲ. ಅಲ್ಲಿ ಹಂಚಿನ ಸಾಲು ಒಂದು ಬಿಚ್ಚಿ, ನೀರು ಹರಿದುಹೋಗುವ ತಗಡಿನ ದೋಣಿ ಕೂರಿಸಿ ಮತ್ತೆ ಹೊದಿಸಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ. ಹೋದ ವಾರ ಮನೆಯಾಕೆ ಫೋನ್ ಮಾಡಿದ್ದರು. ಬರುವ ಭಾನುವಾರ ಮೇಸ್ತ್ರಿ ಸಿಗುತ್ತಾರಂತೆ. ಹಂಚು ಇಳಿಸಿಕೊಡಲು ಇಬ್ಬರು ಸಾಕು ಅಂದರು.